ಚೀಟಿ, ಹುಣಸೆ ಬೀಜ, ಪ್ಲಿಕರ್ಸ್, ವಾಟ್ಸಾಪ್: ಬೆಂಗಳೂರಿನಲ್ಲಿ ದೊಡ್ಡವರ ತರಬೇತಿಗೆ ಯಾವುದು ಒದಗುತ್ತದೆ?

ಬೆಂಗಳೂರಿನಲ್ಲಿ ದೊಡ್ಡವರಿಗೆ ತರಬೇತಿ ನಡೆಯುವ ಜಾಗಗಳು ಒಂದರ ಹಾಗೆ ಒಂದಿರುವುದಿಲ್ಲ. ಪೀಣ್ಯದ ಗಾರ್ಮೆಂಟ್ ಕಾರ್ಖಾನೆಯ ಕ್ಯಾಂಟೀನು, ವಾರ್ಡಿನ ಸಮುದಾಯ ಭವನ, ಅಂಗನವಾಡಿಯ ಪುಟ್ಟ ಕೋಣೆ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿದ ಮೂಲೆ. ಪಿಯುಸಿ ಮುಗಿಸಿದವರ ಪಕ್ಕದಲ್ಲೇ ಸಹಿ ಮಾಡಲು ಮಾತ್ರ ಬರುವವರು ಕೂತಿರುತ್ತಾರೆ. ಕನ್ನಡದವರ ಜೊತೆ ತೆಲುಗು, ಉರ್ದು, ಹಿಂದಿ, ಒಡಿಯಾ ಮಾತಾಡುವವರೂ ಇರುತ್ತಾರೆ. 2011ರ ಜನಗಣತಿಯಲ್ಲಿ ಬೆಂಗಳೂರು ನಗರ ಜಿಲ್ಲೆಯ ಸಾಕ್ಷರತೆ ಶೇ 87 ದಾಟಿತ್ತು. ಆದರೆ ತರಬೇತಿಯ ಕೋಣೆಗೆ ಉಳಿದ ಶೇ 12ರವರೂ ಬರುತ್ತಾರೆ, ಓದು ಬಿಟ್ಟು ಇಪ್ಪತ್ತು ವರ್ಷವಾದವರೂ ಬರುತ್ತಾರೆ.

ಇಂಥ ಕೋಣೆಗಳಲ್ಲಿ ಬಳಸುವ ಸಾಮಾನು ಮತ್ತು ಆಪ್‌ಗಳನ್ನು ಇಲ್ಲಿ ಒಂದೊಂದಾಗಿ ನೋಡಿದ್ದೇವೆ. ಎಲ್ಲಕ್ಕೂ ಒಂದೇ ಪರೀಕ್ಷೆ: ಕೋಣೆಯಲ್ಲಿ ಬಾಯಿ ಬಿಡದೆ ಕೂತವರ ಕೈ ಇದರಿಂದ ಆಡುತ್ತದೆಯೇ? ಮಾತುಗಾರರಿಗೆ ಸಾಧನವೇ ಬೇಡ. ಅವರು ಮೈಕ್ ಇಲ್ಲದೆಯೂ ಕೇಳಿಸುತ್ತಾರೆ. ಅಂಕವನ್ನು ಹತ್ತು ಬೀಜಕ್ಕೆ ಇಷ್ಟು ಎಂದು ಕೊಟ್ಟಿದ್ದೇವೆ. ಯಾಕೆ ಬೀಜ ಎನ್ನುವುದು ಮುಂದೆ ತಿಳಿಯುತ್ತದೆ.

ಮೊದಲು ಕಾಗದದ ಚೀಟಿ. ಒಬ್ಬೊಬ್ಬರೂ ತಮ್ಮ ವಿಚಾರವನ್ನು ಒಂದೊಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿ, ಆಮೇಲೆ ಎಲ್ಲರೂ ಸೇರಿ ಗುಂಪು ಮಾಡುವ ಈ ವಿಧಾನ ಜರ್ಮನಿಯ ಮೆಟಾಪ್ಲಾನ್ ಎಂಬ ಸಲಹಾ ಸಂಸ್ಥೆಯಿಂದ ಬಂದದ್ದು. 1990ರ ದಶಕದ ಆರಂಭದಲ್ಲಿ ಬಾಂಗ್ಲಾದೇಶದ ಯುನಿಸೆಫ್ ಕಚೇರಿ ಇದನ್ನು 'ವಿಐಪಿಪಿ' (ವಿಷುವಲೈಸೇಷನ್ ಇನ್ ಪಾರ್ಟಿಸಿಪೇಟರಿ ಪ್ರೋಗ್ರಾಮ್ಸ್) ಎಂಬ ಹೆಸರಿನಲ್ಲಿ ಬೆಳೆಸಿತು. ಮೆಟಾಪ್ಲಾನ್ ಚೀಟಿಯ ಅಳತೆ 9.5 ಸೆಂ.ಮೀ. ಅಗಲ, 20.5 ಸೆಂ.ಮೀ. ಉದ್ದ. ಅದಕ್ಕೆಂದೇ ತಯಾರಾದ ಪ್ಯಾಕೆಟ್ ಹುಡುಕಿಕೊಂಡು ಹೋಗಬೇಕಾಗಿಲ್ಲ. ಎ4 ಹಾಳೆಯ ಉದ್ದ 29.7 ಸೆಂ.ಮೀ. ಅದನ್ನು ಮೂರು ಪಾಲು ಮಾಡಿದರೆ 9.9ಕ್ಕೆ 21ರ ಮೂರು ಚೀಟಿ ಬರುತ್ತವೆ, ಒಂದು ಚೂರೂ ವ್ಯರ್ಥವಾಗುವುದಿಲ್ಲ. ಅವೆನ್ಯೂ ರಸ್ತೆಯ ಕಾಗದದ ಅಂಗಡಿಗಳಲ್ಲಿ ಬಣ್ಣದ ಕಾರ್ಡ್ ಶೀಟ್ ಸಿಗುತ್ತದೆ. 160ರಿಂದ 180 ಜಿ.ಎಸ್.ಎಂ. ದಪ್ಪದ್ದನ್ನು ಕೇಳಿ, ಹತ್ತಿರದ ಕಟಿಂಗ್ ಮಷಿನ್ನಿನಲ್ಲಿ ಕೊಯ್ಯಿಸಿಕೊಳ್ಳಿ. ಕತ್ತರಿಯಲ್ಲಿ ಕೊಯ್ದರೆ ಅಂಚು ಡೊಂಕಾಗಿ, ಗೋಡೆಯ ಮೇಲೆ ಸಾಲು ಕೂಡುವುದಿಲ್ಲ.

ಲೆಕ್ಕ ಹೀಗೆ. 25 ಮಂದಿ, ಎರಡು ಸುತ್ತು, ಸುತ್ತಿಗೆ ತಲಾ 3 ಚೀಟಿ ಅಂದರೆ 150. ತಪ್ಪಿಗೆ, ಶೀರ್ಷಿಕೆಗೆ ಇನ್ನೊಂದು 50. ಒಟ್ಟು 200 ಚೀಟಿಗೆ 67 ಹಾಳೆ. ಬಣ್ಣ ತಿಳಿಯಾಗಿರಲಿ: ಹಳದಿ, ತಿಳಿಹಸಿರು, ತಿಳಿನೀಲಿ, ಬಿಳಿ. ಕಡುಗೆಂಪು, ಕಡುಹಸಿರಿನ ಮೇಲೆ ಕಪ್ಪು ಮಾರ್ಕರ್ ಕಾಣುವುದಿಲ್ಲ. ಮಾರ್ಕರ್ ಮೊನೆ ಉಳಿಯ ಹಾಗೆ ಚಪ್ಪಟೆ ಇರಬೇಕು, ತಲೆಗೊಂದು ಇರಬೇಕು. ಗುಂಪಿಗೊಂದೇ ಮಾರ್ಕರ್ ಕೊಟ್ಟರೆ ಅದನ್ನು ಹಿಡಿದವರೇ ಯಜಮಾನರಾಗುತ್ತಾರೆ. ಈ ಒಂದು ಜಿಪುಣತನದಿಂದಲೇ ಎಷ್ಟೋ ತರಬೇತಿ ಕೆಟ್ಟಿದೆ.

ಒಂದು ಚೀಟಿಗೆ ಒಂದೇ ವಿಚಾರ, ಹೆಚ್ಚೆಂದರೆ ಮೂರು ಸಾಲು ಎಂಬುದು ಈ ವಿಧಾನದ ಮೂಲ ನಿಯಮ. ಕನ್ನಡಕ್ಕೆ ಅದನ್ನು ಎರಡು ಸಾಲಿಗೆ ಇಳಿಸಬೇಕು. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಇಳಿಯುತ್ತದೆ, ಗುಡಿಸು ಮೇಲೆ ಏರುತ್ತದೆ. ಹತ್ತು ಸೆಂಟಿಮೀಟರ್ ಅಗಲದಲ್ಲಿ ಮೂರು ಸಾಲು ತುರುಕಿದರೆ ಮೊದಲ ಸಾಲಿನ ಒತ್ತು ಎರಡನೇ ಸಾಲಿನ ತಲೆಗೆ ತಾಗಿ, ಹಿಂದೆ ಕೂತವರಿಗೆ ಏನೂ ಓದಲಾಗದು. ಏಳೆಂಟು ಮೀಟರ್ ದೂರದ ಕೋಣೆಯಾದರೆ ಅಕ್ಷರದ ಎತ್ತರ ಎರಡೂವರೆ ಸೆಂ.ಮೀ.ಗೆ ಕಡಿಮೆ ಬೇಡ.

ಬರೆಯಲು ಬಾರದವರ ಚೀಟಿಯನ್ನು ಇನ್ನೊಬ್ಬರು ಬರೆಯಬೇಕಾಗುತ್ತದೆ. ಕೆಡುವುದು ಇಲ್ಲೇ. "ದುಡ್ಡು ಕೈಲಿ ನಿಲ್ಲಲ್ಲ ಮೇಡಂ" ಎಂದು ಒಬ್ಬ ಅಕ್ಕ ಹೇಳುತ್ತಾರೆ. ತರಬೇತುದಾರರು 'ಆರ್ಥಿಕ ನಿರ್ವಹಣೆಯ ಸಮಸ್ಯೆ' ಎಂದು ಬರೆದು ಅಂಟಿಸುತ್ತಾರೆ. ಗೋಡೆಯ ಮೇಲಿರುವುದು ತನ್ನ ಮಾತು ಎಂದು ಆ ಅಕ್ಕನಿಗೆ ಗುರುತೇ ಸಿಗುವುದಿಲ್ಲ, ಎರಡನೇ ಸುತ್ತಿಗೆ ಅವರು ಬಾಯಿ ತೆರೆಯುವುದೂ ಇಲ್ಲ. 'ದುಡ್ಡು ಕೈಲಿ ನಿಲ್ಲಲ್ಲ' ಎಂದೇ ಬರೆಯಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿ, "ಹೀಗೇನಾ ಅಕ್ಕ?" ಎಂದು ಕೇಳಬೇಕು. ಪಕ್ಕದಲ್ಲಿ ಅವರಿಂದಲೇ ಒಂದು ಗುರುತು ಬರೆಸಿದರೆ, ಗುಂಪು ಮಾಡುವಾಗ ಯಾವುದು ತನ್ನ ಚೀಟಿ ಎಂದು ಅವರೇ ಎದ್ದು ಬಂದು ತೋರಿಸುತ್ತಾರೆ.

ಅಂಟಿಸುವ ಗೋಡೆ ಇನ್ನೊಂದು ತಲೆನೋವು. ಡಿಸ್ಟೆಂಪರ್ ಗೋಡೆಗೆ ಮಳೆಗಾಲದಲ್ಲಿ ಟೇಪು ಹಿಡಿಯುವುದಿಲ್ಲ, ಹೊಸ ಪೇಂಟಾದರೆ ಸೆಲ್ಲೋಟೇಪು ಬಣ್ಣವನ್ನೇ ಕಿತ್ತುಕೊಂಡು ಬರುತ್ತದೆ. ಬ್ರೌನ್ ಪೇಪರನ್ನು ನಾಲ್ಕು ಮೂಲೆಗೆ ಮಾಸ್ಕಿಂಗ್ ಟೇಪಿನಿಂದ ಕೂರಿಸಿ, ಚೀಟಿಗಳನ್ನು ಅದರ ಮೇಲೆ ಅಂಟಿಸುವುದು ಒಂದು ದಾರಿ. ಎರಡು ಕಿಟಕಿಯ ಸರಳಿಗೆ ದಾರ ಕಟ್ಟಿ ಬಟ್ಟೆ ಕ್ಲಿಪ್ಪಿನಲ್ಲಿ ಸಿಕ್ಕಿಸುವುದು ಇನ್ನೊಂದು. ಮೂರನೆಯದು ನೈಲಾನ್ ಬಟ್ಟೆಗೆ ಅಂಟಿನ ಸ್ಪ್ರೇ ಹೊಡೆದು ಮಾಡುವ ಅಂಟುಗೋಡೆ, ಮೂರರಲ್ಲಿ ಬಲು ಸಲೀಸು ಇದೇ. ಸ್ಪ್ರೇ ಮಾತ್ರ ಕಿತ್ತು ಮತ್ತೆ ಅಂಟಿಸಲು ಬರುವ ಬಗೆಯದ್ದಾಗಿರಬೇಕು, ಡಬ್ಬದ ಮೇಲೆ 'ರೀಪೊಸಿಷನಬಲ್' ಎಂದು ಬರೆದಿರುತ್ತದೆ. ಮಾಮೂಲಿ ಸ್ಪ್ರೇ ಹೊಡೆದರೆ ಮೊದಲ ಚೀಟಿ ಅಲ್ಲೇ ಬಿಡಾರ ಹೂಡುತ್ತದೆ. ಹೊಡೆಯುವ ಕೆಲಸ ಹಿಂದಿನ ದಿನ, ಬಯಲಲ್ಲಿ ಆಗಲಿ. ಮಡಿಸುವಾಗ ಅಂಟಿರುವ ಮುಖಕ್ಕೆ ಅಂಟಿರುವ ಮುಖ ತಾಗಿಸಿ ಮಡಿಸಿ, ಧೂಳು ಕೂರುವುದಿಲ್ಲ.

ಚೀಟಿಗೆ ಹತ್ತು ಬೀಜದಲ್ಲಿ ಎಂಟು. ಬರೆಯಲು ಬಾರದವರಿಗೆ ಇನ್ನೊಬ್ಬರ ಕೈ ಬೇಕಾಗುತ್ತದೆ, ಕಳೆದ ಎರಡು ಅದಕ್ಕೆ.

ಆ ಎರಡನ್ನು ತುಂಬಿಕೊಡುವುದು ಹುಣಸೆ ಬೀಜ. ಹಳ್ಳಿಗರೇ ತಮ್ಮ ಊರಿನ ನಕ್ಷೆ ಬಿಡಿಸಿ, ಬೀಜ ಕಲ್ಲು ಇಟ್ಟು ಲೆಕ್ಕ ತೋರಿಸುವ ಸಹಭಾಗಿ ವಿಧಾನಗಳು ಭಾರತದಲ್ಲಿ ಬೇರೂರುವುದರಲ್ಲಿ ಬೆಂಗಳೂರಿನ ಮೈರಾಡಾ ಸಂಸ್ಥೆಯ ಪಾಲು ದೊಡ್ಡದು. 1968ರಲ್ಲಿ ಶುರುವಾದ ಸಂಸ್ಥೆ ಅದು. 1991ರ ಫೆಬ್ರುವರಿಯಲ್ಲಿ ಈ ವಿಧಾನಗಳ ತರಬೇತುದಾರರ ಕಾರ್ಯಾಗಾರ ನಡೆದದ್ದೂ ಬೆಂಗಳೂರಿನಲ್ಲೇ. ಆದ್ದರಿಂದ ಇವನ್ನು 'ಹಳ್ಳಿಗೆ ಸರಿ, ಸಿಟಿಗೆ ಅಲ್ಲ' ಎಂದು ಬದಿಗಿಡುವವರ ಮಾತನ್ನು ನಾವು ಒಪ್ಪುವುದಿಲ್ಲ.

ಹತ್ತು ಬೀಜದ ವಿಧಾನ ಬಹಳ ಸರಳ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದಾರು ಮನೆ ಬರೆದು, ಒಂದೊಂದರಲ್ಲಿ ಒಂದು ಚಿತ್ರ: ಬಾಡಿಗೆಗೆ ಮನೆ, ಊಟಕ್ಕೆ ತಟ್ಟೆ, ಶಾಲೆಗೆ ಪುಸ್ತಕ, ಸಾಲದ ಕಂತಿಗೆ ನೋಟು, ಆಸ್ಪತ್ರೆಗೆ ಗುಳಿಗೆ. "ಮನೆಗೆ ಬರೋ ತಿಂಗಳ ದುಡ್ಡೆಲ್ಲಾ ಈ ಹತ್ತು ಬೀಜ ಅಂದ್ಕೊಳ್ಳಿ. ಎಲ್ಲೆಲ್ಲಿಗೆ ಎಷ್ಟೆಷ್ಟು ಹೋಗುತ್ತೆ, ಇಡಿ" ಎಂದು ಹೇಳಿ ಹಿಂದೆ ಸರಿದು ಕೂರುವುದು. ಬೀಜ ಹತ್ತೇ ಇರಬೇಕು, ನೂರು ಕೊಟ್ಟರೆ ಎಣಿಕೆಯ ಕೆಲಸವಾಗುತ್ತದೆ. ಹತ್ತೇ ಇದ್ದಾಗ ಒಂದು ಕಡೆ ಇಡಲು ಇನ್ನೊಂದು ಕಡೆಯಿಂದ ತೆಗೆಯಲೇಬೇಕು, ವಾದ ಹುಟ್ಟಲೇಬೇಕು. ಒಬ್ಬರು ಊಟದ ಮನೆಯಿಂದ ಒಂದು ಬೀಜ ತೆಗೆದು ಕಂತಿನ ಮನೆಗೆ ಸರಿಸುತ್ತಾರೆ. ಇನ್ನೊಬ್ಬರು ಅದನ್ನು ವಾಪಸ್ ಇಡುತ್ತಾರೆ. ಆಗ ಕೇಳಬೇಕಾದ್ದು ಒಂದೇ ಮಾತು: "ಯಾಕೆ ಸರಿಸಿದ್ರಿ?" ತರಬೇತಿಯ ಜೀವ ಇರುವುದು ಆ ಉತ್ತರದಲ್ಲಿ. ಬರೆದುಕೊಳ್ಳಬೇಕಾದ್ದೂ ಅದನ್ನೇ, ಕೊನೆಗೆ ಎಲ್ಲೆಲ್ಲಿ ಎಷ್ಟು ಬೀಜ ಉಳಿಯಿತು ಎನ್ನುವುದು ಆಮೇಲಿನ ಮಾತು.

ಯಾವ ಬೀಜವಾದರೂ ಆಗುತ್ತದಲ್ಲ ಎನ್ನಬೇಡಿ. ಕಡಲೆ, ಬಟಾಣಿ ಉರುಳಿ ಪಕ್ಕದ ಮನೆ ಸೇರುತ್ತವೆ, ಫ್ಯಾನ್ ಹಾಕಿದರೆ ಕಾಗದದ ಚೂರು ಹಾರಿಹೋಗುತ್ತದೆ. ಹುಣಸೆ ಬೀಜ ಚಪ್ಪಟೆ, ತೂಕ ಇದೆ, ಕಪ್ಪಗೆ ಹೊಳೆಯುವುದರಿಂದ ಫೋಟೋದಲ್ಲೂ ಎಣಿಸಲು ಬರುತ್ತದೆ. ಖರ್ಚೂ ಇಲ್ಲ, ಯಾರ ಮನೆಯ ಅಡುಗೆಮನೆಯಲ್ಲಾದರೂ ಸಿಗುತ್ತದೆ. ಒಂದು ಎಚ್ಚರಿಕೆ: ಸಾಲ, ಕುಡಿತ, ಗಂಡನ ಸಂಪಾದನೆಯಂಥ ವಿಷಯವನ್ನು ಒಂದು ಮನೆಯ ಲೆಕ್ಕವಾಗಿ ಎಲ್ಲರ ಮುಂದೆ ಕೇಳಬಾರದು. 'ನಮ್ಮ ಬೀದಿಯ ಒಂದು ಮನೆ' ಎಂದು ಇಟ್ಟುಕೊಳ್ಳಿ.

ವಾರ್ಡಿನ ನೀರಿನ ನಕ್ಷೆಗೆ ರಂಗೋಲಿ ಪುಡಿ ಎಲ್ಲಕ್ಕಿಂತ ಅನುಕೂಲ. ಕಾವೇರಿ ನೀರು ಯಾವ ಬೀದಿಗೆ ಯಾವ ವಾರ ಬರುತ್ತದೆ, ಟ್ಯಾಂಕರ್ ಎಲ್ಲಿ ನಿಲ್ಲುತ್ತದೆ, ಬೋರ್‌ವೆಲ್ ಎಲ್ಲಿ ಬತ್ತಿದೆ ಎನ್ನುವುದನ್ನು ನೆಲದ ಮೇಲೆ ಬಿಡಿಸಿದರೆ ನಾಲ್ಕೂ ಕಡೆಯಿಂದ ಕೈ ಹಾಕಬಹುದು, ತಪ್ಪಾದರೆ ಅಂಗೈಯಲ್ಲಿ ಒರೆಸಬಹುದು. ಗೋಡೆಯ ಚಾರ್ಟಿನ ಮುಂದೆ ಒಬ್ಬರೋ ಇಬ್ಬರೋ ನಿಂತರೆ ಮುಗಿಯಿತು, ಬೇರೆಯವರಿಗೆ ಬೆನ್ನೇ ಕಾಣುವುದು. ಮುಗಿದ ಮೇಲೆ ಕುರ್ಚಿ ಹತ್ತಿ, ಫೋನನ್ನು ನೆಲಕ್ಕೆ ಸಮಾನವಾಗಿ ಹಿಡಿದು ಫೋಟೋ ತೆಗೆಯಬೇಕು. ಓರೆಯಾಗಿ ತೆಗೆದರೆ ದೂರದ ಬೀದಿಗಳು ಕುಗ್ಗಿ ಹೋಗುತ್ತವೆ. ಅಂದೇ ಕಾಗದಕ್ಕೆ ಇಳಿಸಿಕೊಳ್ಳದಿದ್ದರೆ ಯಾವ ಚುಕ್ಕೆ ಏನೆಂದು ಮೂರು ದಿನದ ಮೇಲೆ ಯಾರಿಗೂ ನೆನಪಿರುವುದಿಲ್ಲ. ಬೀಜ ಮತ್ತು ರಂಗೋಲಿಗೆ ಒಂಬತ್ತು. ಮೂವತ್ತಕ್ಕಿಂತ ಹೆಚ್ಚು ಮಂದಿ ಇದ್ದರೆ ಹಿಂದೆ ನಿಂತವರಿಗೆ ನೆಲ ಕಾಣುವುದಿಲ್ಲ, ಅದೊಂದೇ ಕೊರತೆ.

ಡಿಜಿಟಲ್ ಸಾಮಾನಿನಲ್ಲಿ ಪ್ಲಿಕರ್ಸ್ ಎಂಬ ಪ್ರಶ್ನೋತ್ತರದ ಆಪ್ ಒಂದಕ್ಕೆ ಮಾತ್ರ ನಾವು ಮನಸಾರೆ ಎಂಟು ಬೀಜ ಕೊಡುತ್ತೇವೆ. ಕಲಿಯುವವರ ಕೈಯಲ್ಲಿ ಫೋನ್ ಬೇಡ, ಕಾಗದದ ಒಂದು ಕಾರ್ಡ್ ಸಾಕು. ಅದರ ಮೇಲೆ ಕ್ಯೂಆರ್ ಕೋಡಿನಂಥ ಕಪ್ಪು ಆಕೃತಿ, ನಾಲ್ಕು ಅಂಚಿನಲ್ಲಿ ಎ, ಬಿ, ಸಿ, ಡಿ. ತಮ್ಮ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡ್ ತಿರುಗಿಸಿ ಎತ್ತಿ ಹಿಡಿಯುತ್ತಾರೆ. ತರಬೇತುದಾರರು ತಮ್ಮ ಫೋನಿನ ಕ್ಯಾಮೆರಾವನ್ನು ಕೋಣೆಯ ಈ ತುದಿಯಿಂದ ಆ ತುದಿಗೆ ಒಮ್ಮೆ ಹಾಯಿಸಿದರೆ ಎಲ್ಲರ ಉತ್ತರ ದಾಖಲಾಗುತ್ತದೆ. ಪ್ರತಿ ಕಾರ್ಡಿನ ಆಕೃತಿ ಬೇರೆ, ಅಕ್ಷರ ಬಹಳ ಸಣ್ಣದು, ಹಾಗಾಗಿ ಪಕ್ಕದವರು ಏನು ಉತ್ತರ ಕೊಟ್ಟರು ಎಂದು ಇಣುಕಿ ನೋಡಿ ತಿರುಗಿಸಲು ಆಗುವುದಿಲ್ಲ. ಕಾರ್ಖಾನೆಯ ಒಳಗೆ ಫೋನ್ ಬಿಡದ ಕಡೆ ಇದಕ್ಕಿಂತ ಒಳ್ಳೆಯ ಉಪಾಯ ಇಲ್ಲ. ಸಾಮಾನ್ಯ ಸೆಟ್ಟಿನಲ್ಲಿ 40 ಕಾರ್ಡ್, ದೊಡ್ಡದರಲ್ಲಿ 63. ಹಾಳೆಗೆ ಎರಡರಂತೆ 40ಕ್ಕೆ 20 ಹಾಳೆ, ಜೆರಾಕ್ಸ್ ಅಂಗಡಿಯಲ್ಲೇ ಪ್ರಿಂಟ್ ತೆಗೆಸಬಹುದು. ನೆಟ್ ಬೇಕು, ಆದರೆ ತರಬೇತುದಾರರ ಒಂದು ಫೋನಿಗೆ ಇದ್ದರೆ ಆಯಿತು. ಲ್ಯಾಪ್‌ಟಾಪಿಗೂ ಅದರ ಹಾಟ್‌ಸ್ಪಾಟ್ ಸಾಕಾಗುತ್ತದೆ.

ಇಂಗ್ಲಿಷ್ ಅಕ್ಷರ ಗೊತ್ತಿಲ್ಲದವರಿಗೆ ಹೇಗೆ? ಕಾರ್ಡಿನ ಮುಖ ಕ್ಯಾಮೆರಾ ಕಡೆ ಇರುತ್ತದೆ, ಹಿಡಿದವರಿಗೆ ಕಾಣುವುದು ಬೆನ್ನು. ಆ ಬೆನ್ನಿಗೆ ಚುನಾವಣೆಯ ಗುರುತಿನ ಹಾಗೆ ನಾಲ್ಕು ಚಿತ್ರ ಅಂಟಿಸಿ: ಸೂರ್ಯ, ಮೀನು, ಹೂವು, ಕೊಡೆ. ಯಾವುದೇ ಪಕ್ಷದ ಗುರುತಾಗಿದ್ದರೆ ಬದಲಿಸಿಕೊಳ್ಳಿ. ಅಂಟಿಸುವುದರಲ್ಲಿ ಒಂದು ಮೋಸ ಇದೆ. ಕಾರ್ಡ್ ಮಗುಚಿದಾಗ ಎಡ ಬಲ ಅದಲುಬದಲಾಗುತ್ತದೆ, ಮುಂದಿನ ಸಾಲನ್ನೇ ನೋಡಿಕೊಂಡು ಹಿಂದೆ ಅಂಟಿಸಿದರೆ ಎರಡು ಚಿತ್ರ ತಪ್ಪಾಗಿ ಕೂರುತ್ತವೆ. 'ಎ' ಮೇಲೆ ಬರುವಂತೆ ಹಿಡಿದು, ಪುಸ್ತಕದ ಹಾಳೆ ತಿರುವಿದ ಹಾಗೆ ಪಕ್ಕಕ್ಕೆ ಮಗುಚಿ, ಈಗ ಮೇಲಿರುವ ಅಂಚಿಗೆ ಸೂರ್ಯ. ಮತ್ತೆ ಮುಂದಕ್ಕೆ ತಿರುಗಿಸಿ, 'ಬಿ' ಮೇಲೆ ತಂದು, ಹಾಗೇ ಮಗುಚಿ ಮೀನು. ನಾಲ್ಕಕ್ಕೂ ಹೀಗೇ ಮಾಡಿದರೆ ತಪ್ಪುವುದಿಲ್ಲ. ಪ್ರಶ್ನೆ ತೋರಿಸುವ ಪರದೆಯಲ್ಲೂ ಆಯ್ಕೆಯ ಪಕ್ಕ ಅದೇ ಚಿತ್ರ ಇರಬೇಕು, ಪ್ರಶ್ನೆಯನ್ನು ಎರಡು ಸಲ ಗಟ್ಟಿಯಾಗಿ ಓದಬೇಕು.

ಸ್ಕ್ಯಾನ್ ಆಗದಿದ್ದರೆ ಕಾರಣ ಈ ಮೂರರಲ್ಲಿ ಒಂದು. ಬೆರಳು ಕಪ್ಪು ಆಕೃತಿಯ ಮೇಲೆ ಕೂತಿದೆ: ಅಂಚು ಹಿಡಿಯಲು ಮೊದಲೇ ಒಂದು ಸುತ್ತು ಅಭ್ಯಾಸ ಮಾಡಿಸಿ, 'ಇವತ್ತು ತಿಂಡಿ ಏನು' ಎಂಬಂಥ ಪ್ರಶ್ನೆಯಿಂದ. ಹೊಳಪಿನ ಲ್ಯಾಮಿನೇಷನ್ ಮೇಲೆ ಟ್ಯೂಬ್‌ಲೈಟ್ ಮಿಂಚುತ್ತಿದೆ: ಮ್ಯಾಟ್ ಲ್ಯಾಮಿನೇಷನ್ ಮಾಡಿಸಿ, ಇಲ್ಲವೇ ದಪ್ಪ ಕಾಗದದಲ್ಲಿ ಹಾಗೇ ಬಿಡಿ. ಕೂತವರ ಬೆನ್ನ ಹಿಂದೆ ಕಿಟಕಿ ಇದೆ: ಬೆಳಕು ಎದುರಾಗಿ ಕಾರ್ಡುಗಳೆಲ್ಲ ಕಪ್ಪಾಗಿ ಕಾಣುತ್ತವೆ. ಕಿಟಕಿ ತರಬೇತುದಾರರ ಬೆನ್ನಿಗೆ ಬರುವಂತೆ ಕುರ್ಚಿ ತಿರುಗಿಸಿ.

ಪ್ಲಿಕರ್ಸ್‌ನ ಉಚಿತ ಖಾತೆಯಲ್ಲಿ ಪ್ರಶ್ನೆಗಳ ಒಂದು ಸೆಟ್ಟಿಗೆ 5 ಪ್ರಶ್ನೆಯ ಮಿತಿ. ಇದನ್ನು ನಾವು ಕೊರತೆ ಎಂದು ಎಣಿಸುವುದಿಲ್ಲ, ಒಂದು ಅಧಿವೇಶನಕ್ಕೆ ಐದು ಪ್ರಶ್ನೆ ಧಾರಾಳ. ಯಾಕೆಂದರೆ ಸ್ಕ್ಯಾನ್ ಮಾಡಿದ ಕೂಡಲೇ ಸರಿ ಉತ್ತರ ಹೇಳಿ ಮುಂದೆ ಓಡಿದರೆ ಈ ಕಾರ್ಡಿಗೂ ಕೈ ಎತ್ತಿಸುವುದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ಹಾರ್ವರ್ಡಿನ ಭೌತವಿಜ್ಞಾನ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದ ಕ್ರಮ ಇಲ್ಲಿ ಸರಿಯಾಗಿ ಕೂಡುತ್ತದೆ: ಮೊದಲು ಉತ್ತರ, ಆಮೇಲೆ ಪಕ್ಕದವರೊಡನೆ ಚರ್ಚೆ, ಮತ್ತೆ ಅದೇ ಪ್ರಶ್ನೆಗೆ ಉತ್ತರ. ಸರಿ ಹೇಳಿದವರು ಶೇ 30ರಿಂದ 70ರ ನಡುವೆ ಇದ್ದರೆ ಚರ್ಚೆಗೆ ಬಿಡಬೇಕು. ಅದಕ್ಕಿಂತ ಕಡಿಮೆಯಾದರೆ ಪಾಠವೇ ತಲುಪಿಲ್ಲ, ಮತ್ತೆ ವಿವರಿಸಬೇಕು. ಹೆಚ್ಚಾದರೆ ಮುಂದಕ್ಕೆ ಹೋಗಬಹುದು. ಮೊದಲ ಫಲಿತಾಂಶವನ್ನು ಪರದೆಯ ಮೇಲೆ ತೋರಿಸಬೇಡಿ. ತೋರಿಸಿದರೆ ಹೆಚ್ಚು ಜನ ಎತ್ತಿದ್ದೇ ಸರಿ ಎಂದು ಎರಡನೇ ಸಲ ಎಲ್ಲರೂ ಅದನ್ನೇ ಎತ್ತುತ್ತಾರೆ.

ಕಹೂತ್ ಬೇರೆ ಜಾತಿಯದು. 2013ರಲ್ಲಿ ನಾರ್ವೆಯಿಂದ ಬಂದ, ಫೋನಿನಲ್ಲಿ ಉತ್ತರ ಒತ್ತುವ ಈ ರಸಪ್ರಶ್ನೆ ಆಟದಲ್ಲಿ ಉತ್ತರಗಳಿಗೆ ಕೆಂಪು ತ್ರಿಕೋನ, ನೀಲಿ ವಜ್ರ, ಹಳದಿ ವೃತ್ತ, ಹಸಿರು ಚೌಕ ಇರುವುದು ಓದು ಬಾರದವರಿಗೆ ದೊಡ್ಡ ಉಪಕಾರ. ಆದರೆ ಬೇಗ ಒತ್ತಿದವರಿಗೆ ಹೆಚ್ಚು ಅಂಕ ಎಂಬ ನಿಯಮ ಐವತ್ತು ದಾಟಿದವರನ್ನು ಮೊದಲ ಪ್ರಶ್ನೆಯಲ್ಲೇ ಸೋಲಿಸಿ ಕೂರಿಸುತ್ತದೆ. ಕನ್ನಡಕ ಹುಡುಕುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಪಟ್ಟಿಯ ಮೇಲೆ ಯುವಕರ ಹೆಸರು. ಬಳಸಲೇಬೇಕು ಎಂದಿದ್ದರೆ ಪ್ರಶ್ನೆಯ ಅಂಕವನ್ನು 'ಇಲ್ಲ' ಎಂದು ಮಾಡಿ, ಸಮಯವನ್ನು 60 ಸೆಕೆಂಡಿಗಿಂತ ಹೆಚ್ಚಿಡಿ, ನಾಲ್ವರಿಗೆ ಒಂದು ಫೋನ್ ಕೊಟ್ಟು ತಂಡವಾಗಿ ಆಡಿಸಿ. ಕನ್ನಡದಲ್ಲಿ ಪ್ರಶ್ನೆ ಬರೆಯುವವರಿಗೆ ಇನ್ನೊಂದು ಇಕ್ಕಟ್ಟು ಇದೆ. ಪ್ರಶ್ನೆಗೆ 120 ಅಕ್ಷರ, ಉತ್ತರಕ್ಕೆ 75 ಎಂಬ ಮಿತಿಯಲ್ಲಿ ನಮ್ಮ ಕಾಗುಣಿತ, ಒತ್ತು ಎಲ್ಲವೂ ಬಿಡಿಬಿಡಿಯಾಗಿ ಎಣಿಕೆಯಾಗುತ್ತವೆ. 'ಕ್ಷೇತ್ರ' ನಮ್ಮ ಕಣ್ಣಿಗೆ ಎರಡಕ್ಷರ, ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯೂನಿಕೋಡಿನ ಲೆಕ್ಕದಲ್ಲಿ ಏಳು. ಇಂಗ್ಲಿಷಿನಿಂದ ಅನುವಾದಿಸಿದ ಉದ್ದ ವಾಕ್ಯ ಅಲ್ಲಿ ಹಿಡಿಸುವುದಿಲ್ಲ. 'ಕಂತು ತಪ್ಪಿದರೆ ಮೊದಲು ಏನು ಮಾಡಬೇಕು?' ಎನ್ನುವಷ್ಟು ಚಿಕ್ಕದಾಗಿ ಬರೆಯಿರಿ. ಐದು ಬೀಜ.

ಫೋನಿನಿಂದ ಉತ್ತರ ಪಡೆದು ಪರದೆಯಲ್ಲಿ ತೋರಿಸುವ ಮೆಂಟಿಮೀಟರಿನ ಉಚಿತ ಖಾತೆಗೆ ತಿಂಗಳಿಗೆ 50 ಜನರ ಮಿತಿ, ಅಂದರೆ 25ರ ಎರಡು ತಂಡಕ್ಕೆ ಆ ತಿಂಗಳು ಮುಗಿಯಿತು. ಎಲ್ಲರೂ ಟೈಪ್ ಮಾಡಿದ ಪದಗಳನ್ನು ಗುಂಪಾಗಿ ತೋರಿಸುವ ಅದರ ಪದಮೋಡ ಕಚೇರಿ ಸಿಬ್ಬಂದಿಗೆ ಹಿಡಿಸುತ್ತದೆ. ಕನ್ನಡದಲ್ಲಿ ಮಾತ್ರ 'ಭಯ', 'ಬಯ', 'ಭಯ ಆಗುತ್ತೆ' ಮೂರೂ ಬೇರೆ ಬೇರೆ ಪದವಾಗಿ ನಿಂತು, ಎಲ್ಲರಿಗೂ ಇದ್ದ ಒಂದೇ ಭಾವನೆ ಚಿಕ್ಕಚಿಕ್ಕದಾಗಿ ಚದುರಿಹೋಗುತ್ತದೆ. ಚೀಟಿಯಾಗಿದ್ದರೆ ಮೂರನ್ನೂ ಒಂದೇ ಕಡೆ ಅಂಟಿಸಬಹುದಿತ್ತು. ನಾಲ್ಕು ಬೀಜ.

ಗೂಗಲ್ ಫಾರ್ಮ್ಸ್ ಉಚಿತ, ಎಷ್ಟು ಜನ ತುಂಬಿದರೂ ಮಿತಿ ಇಲ್ಲ, ಕನ್ನಡ ಚೆನ್ನಾಗಿ ಕೂರುತ್ತದೆ, ಆಯ್ಕೆಗಳಿಗೆ ಚಿತ್ರ ಹಾಕಬಹುದು. ತರಬೇತಿಗೆ ಮೊದಲು ಮತ್ತು ಕೊನೆಗೆ ಏನು ಗೊತ್ತಿತ್ತು, ಏನು ಗೊತ್ತಾಯಿತು ಎಂದು ಅಳೆಯಲು ಇದೇ ಸಾಕು. ತಪ್ಪಾಗುವುದು ಸೆಟ್ಟಿಂಗಿನಲ್ಲಿ. 'ಒಬ್ಬರಿಗೆ ಒಂದೇ ಉತ್ತರ' ಎಂದು ಹಾಕಿದರೆ, ಇಲ್ಲವೇ ಫೋಟೋ ಅಪ್‌ಲೋಡ್ ಕೇಳಿದರೆ, ಗೂಗಲ್ ಲಾಗಿನ್ ಬೇಕಾಗುತ್ತದೆ. ಮಗಳ ಫೋನ್ ತಂದ ತಾಯಿ, ಒಂದೇ ಫೋನ್ ಹಂಚಿಕೊಂಡ ಅಕ್ಕತಂಗಿ ಅಲ್ಲೇ ನಿಂತುಬಿಡುತ್ತಾರೆ. ಎರಡನ್ನೂ ತೆಗೆಯಿರಿ. ಹಳೆಯ ಪ್ರಶ್ನೆಪತ್ರಿಕೆಯನ್ನು ಕನ್ನಡ ಟೈಪಿಂಗ್ ತಂತ್ರಾಂಶ ನುಡಿಯ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಿಂದ ಎತ್ತಿ ಅಂಟಿಸಿದರೆ ಫಾರ್ಮಿನಲ್ಲಿ ಅರ್ಥವಿಲ್ಲದ ಚಿಹ್ನೆಗಳ ರಾಶಿ ಕಾಣುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಬೇಕು, ಪರಿವರ್ತಕ ನುಡಿ, ಬರಹ ಎರಡರಲ್ಲೂ ಇದೆ. ಪರಿವರ್ತಿಸಿದ ಮೇಲೂ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ನೋಡಿ. ಟೈಪ್ ಮಾಡಲು ಕಷ್ಟಪಡುವವರಿಗೆ ಫೋನಿನ ಗೂಗಲ್ ಕೀಬೋರ್ಡ್ ಆದ ಜಿಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಹೇಳಲು ಕಲಿಸಿದರೆ, ಆ ಐದು ನಿಮಿಷ ತರಬೇತಿ ಮುಗಿದ ಮೇಲೂ ಅವರ ಉಪಯೋಗಕ್ಕೆ ಬರುತ್ತದೆ.

ಫಾರ್ಮಿಗೆ ಕ್ಯೂಆರ್ ಕೋಡ್ ಅಂಟಿಸುವವರು ಇದನ್ನು ನೆನಪಿಡಿ: ನಮ್ಮ ಜನಕ್ಕೆ ಕ್ಯೂಆರ್ ಅಂದರೆ ದುಡ್ಡು ಕಳಿಸುವುದು. ಅರ್ಧ ಕೋಣೆ ಹಣ ಪಾವತಿಯ ಆಪ್ ತೆಗೆದು ಸ್ಕ್ಯಾನ್ ಮಾಡುತ್ತದೆ, 'ಸರಿಯಿಲ್ಲದ ಕೋಡ್' ಎಂದು ಬಂದಾಗ "ದುಡ್ಡು ಹೋಯ್ತಾ ಸಾರ್?" ಎಂಬ ಗಾಬರಿ. ಯಾವ ಆಪ್ ತೆಗೆಯಬೇಕೆಂದು ಮೊದಲೇ ತೋರಿಸಿ, ಎಲ್ಲಿ ಪಿನ್ ಕೇಳಿದರೂ ಹಾಕಬೇಡಿ ಎಂದು ಹೇಳಿ. ಲಿಂಕನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಈ ಗೊಡವೆಯೇ ಇಲ್ಲ. ಏಳು ಬೀಜ.

ವಾಟ್ಸಾಪ್ ಎಲ್ಲರ ಫೋನಿನಲ್ಲೂ ಮೊದಲೇ ಇದೆ, ಬೇರೆ ಯಾವುದನ್ನೂ ಇಳಿಸಿಕೊಳ್ಳಬೇಕಿಲ್ಲ, ಧ್ವನಿ ಸಂದೇಶಕ್ಕೆ ಓದುಬರಹ ಬೇಡ. ತರಬೇತಿ ಮುಗಿದ ಮೇಲಿನ ವಾರಗಳಿಗೆ ಇದಕ್ಕೆ ಸಾಟಿ ಇಲ್ಲ: ವಾರಕ್ಕೊಂದು ಪ್ರಶ್ನೆ, ಒಂದೂವರೆ ನಿಮಿಷ ಮೀರದ ಧ್ವನಿ, ಉತ್ತರವೂ ಧ್ವನಿಯಲ್ಲೇ. ಸಮೀಕ್ಷೆಗೆ ಪೋಲ್ ಇದೆ, 12 ಆಯ್ಕೆಯವರೆಗೆ ಹಾಕಬಹುದು. ಒಂದೇ ಉತ್ತರ ಬೇಕಿದ್ದರೆ 'ಹಲವು ಉತ್ತರ' ಎಂಬ ಗುಂಡಿಯನ್ನು ಆಫ್ ಮಾಡಬೇಕು. ಯಾರು ಯಾವುದಕ್ಕೆ ಮತ ಹಾಕಿದರು ಎಂದು ಹೆಸರು ಸಮೇತ ಎಲ್ಲರಿಗೂ ಕಾಣುತ್ತದೆ. 'ಸೂಪರ್‌ವೈಸರ್ ಬೈಯುತ್ತಾರೆಯೇ' ಎಂಬಂಥ ಪ್ರಶ್ನೆಯನ್ನು ಅಲ್ಲಿ ಹಾಕಿದರೆ ಉತ್ತರಿಸಿದವರನ್ನು ತೊಂದರೆಗೆ ತಳ್ಳಿದಂತೆ. ಅದು ಇಮೇಲ್ ಕೇಳದ ಫಾರ್ಮಿಗೆ ಹೋಗಬೇಕು.

ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ ಎನ್ನುವುದು ಇನ್ನೂ ದೊಡ್ಡ ವಿಷಯ. ಹೆಂಗಸರ ನಂಬರುಗಳನ್ನು ಅಪರಿಚಿತ ಗಂಡಸರಿರುವ ಗ್ರೂಪಿಗೆ ಕೇಳದೆ ಸೇರಿಸುವುದು ತಪ್ಪು, ಇದರಲ್ಲಿ ಎರಡು ಮಾತಿಲ್ಲ. ವಾಟ್ಸಾಪಿನಲ್ಲೇ ಇರುವ 'ಕಮ್ಯುನಿಟಿ'ಯ ಪ್ರಕಟಣೆ ಗುಂಪಿನಲ್ಲಿ ಸದಸ್ಯರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಅದನ್ನು ಬಳಸಿ. ಬ್ರಾಡ್‌ಕಾಸ್ಟ್ ಪಟ್ಟಿಯೂ ಆಗುತ್ತದೆ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ಏಳು ಬೀಜ, ಗೋಪ್ಯತೆ ಕಾಯದೆ ಬಳಸಿದರೆ ಎರಡು.

ಜೂಮ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಚಿತ ಸಭೆ 40 ನಿಮಿಷಕ್ಕೆ ಮುಗಿಯುತ್ತದೆ, ದೊಡ್ಡವರ ಗಮನವೂ ಹೆಚ್ಚುಕಡಿಮೆ ಅಷ್ಟಕ್ಕೇ ಮುಗಿಯುತ್ತದೆ. ಒಂದೇ ಕಾರ್ಯಕ್ರಮದಲ್ಲಿ ಅರ್ಧ ಜನ ಕೋಣೆಯಲ್ಲಿ, ಅರ್ಧ ಜನ ಪರದೆಯಲ್ಲಿ ಇರುವ ಏರ್ಪಾಡು ಬೇಡ, ಪರದೆಯಲ್ಲಿರುವವರು ಪ್ರೇಕ್ಷಕರಾಗುತ್ತಾರೆ. 1990ರ ದಶಕದಲ್ಲಿ ಕರ್ನಾಟಕದ ಪಂಚಾಯಿತಿ ಸದಸ್ಯೆಯರಿಗೆ ಉಪಗ್ರಹದ ಮೂಲಕ ತರಬೇತಿ ನಡೆದಾಗಲೂ ಚಿತ್ರ ಒಂದೇ ದಿಕ್ಕಿಗೆ ಹೋಗುತ್ತಿತ್ತು, ಧ್ವನಿ ಮಾತ್ರ ಎರಡೂ ಕಡೆಗೆ. ಈಗ ಚಿತ್ರವೂ ಎರಡೂ ಕಡೆಗೆ ಹರಿಯುತ್ತದೆ, ಆದರೂ ಎಲ್ಲರನ್ನೂ ಮ್ಯೂಟ್ ಮಾಡಿ ಕೂರಿಸುವ ತರಬೇತುದಾರರನ್ನು ಕಂಡರೆ ಬೇಸರವಾಗುತ್ತದೆ. ಇನ್ನು ಗೂಗಲಿನ ಆನ್‌ಲೈನ್ ಬರೆಯುವ ಬೋರ್ಡ್ ಜಾಮ್‌ಬೋರ್ಡ್ ನಂಬಿದ್ದವರಿಗೆ 2024ರ ಡಿಸೆಂಬರ್ 31ಕ್ಕೆ ಅದು ಮುಚ್ಚಿತು. ಆನ್‌ಲೈನ್ ಬೋರ್ಡ್ ಯಾವುದೇ ಇರಲಿ, ಪ್ರತಿ ಅಧಿವೇಶನ ಮುಗಿದ ದಿನವೇ ಪಿಡಿಎಫ್ ಇಳಿಸಿ ಇಟ್ಟುಕೊಳ್ಳಿ.

ಉಳಿತಾಯ ಮತ್ತು ಸಾಲದ ವಿಷಯಕ್ಕೆ, ಸ್ವಸಹಾಯ ಸಂಘದ 25 ಮಂದಿಗೆ, ಬೆಳಿಗ್ಗೆ ಹತ್ತೂವರೆಯಿಂದ ಒಂದು ಗಂಟೆಯವರೆಗೆ ಸಮಯ ಇದ್ದರೆ ನಾವು ಹೀಗೆ ಹೊಂದಿಸುತ್ತೇವೆ. ಮೊದಲ ಹದಿನೈದು ನಿಮಿಷ ಪ್ಲಿಕರ್ಸ್ ಅಭ್ಯಾಸ ಮತ್ತು ಎರಡು ಪ್ರಶ್ನೆ. ಅಲ್ಲಿಂದ ನಲವತ್ತು ನಿಮಿಷ ಐದೈದು ಜನರ ಗುಂಪಿನಲ್ಲಿ ಹತ್ತು ಬೀಜ, ಕೊನೆಯ ಹತ್ತು ನಿಮಿಷ ಎಲ್ಲರೂ ಬೇರೆ ಗುಂಪುಗಳ ನೆಲ ನೋಡಿ ಬರುವುದಕ್ಕೆ. ಟೀ. ಆಮೇಲೆ ಚೀಟಿ: 'ಕಂತು ಕಟ್ಟಲು ಯಾವಾಗ ಕಷ್ಟವಾಗುತ್ತದೆ?' ಬರೆಯಲು ಹತ್ತು ನಿಮಿಷ, ಗುಂಪು ಮಾಡಲು ಇಪ್ಪತ್ತು. ಯಾವುದನ್ನು ಮೊದಲು ಬಗೆಹರಿಸಬೇಕು ಎಂಬ ಮತಕ್ಕೆ ಬಿಂದಿ ಪ್ಯಾಕೆಟ್ ತನ್ನಿ, ತಲಾ ಮೂರು ಬಿಂದಿ, ಬೇಕಾದ ಚೀಟಿಗೆ ಅಂಟಿಸಲಿ. ಸ್ಟೇಷನರಿಯ ಗುಂಡು ಸ್ಟಿಕರಿಗಿಂತ ಅಗ್ಗ, ಯಾರಿಗೂ ಹೇಳಿಕೊಡಬೇಕಿಲ್ಲ. ಮೊದಲು ಅಂಟಿಸಿದವರನ್ನು ನೋಡಿ ಉಳಿದವರು ಅಲ್ಲೇ ಅಂಟಿಸುವುದುಂಟು, ಆದ್ದರಿಂದ ಸಂಘದ ಅಧ್ಯಕ್ಷೆ ಕೊನೆಯಲ್ಲಿ ಅಂಟಿಸಲಿ. ಉಳಿದ ಸಮಯ ಪೂರ್ತಿ ಹೆಚ್ಚು ಬಿಂದಿ ಬಿದ್ದ ಒಂದೇ ಚೀಟಿಗೆ, ಮುಗಿಸುವ ಮುನ್ನ ಮೊದಲ ಎರಡು ಪ್ರಶ್ನೆಗೆ ಮತ್ತೆ ಪ್ಲಿಕರ್ಸ್. ಗೂಗಲ್ ಫಾರ್ಮ್ ಇಲ್ಲಿ ಬೇಡವೇ ಬೇಡ.

ಕರೆಂಟ್ ಹೋದರೂ ಇದರಲ್ಲಿ ಕೆಲಸ ನಿಲ್ಲಿಸುವುದು ಪ್ರೊಜೆಕ್ಟರ್ ಒಂದೇ. ಪ್ರಶ್ನೆಗಳನ್ನು ಚಾರ್ಟಿನಲ್ಲೂ ಬರೆದು ತಂದಿರಿ, ಸ್ಕ್ಯಾನ್ ಫೋನಿನಲ್ಲೇ ನಡೆಯುತ್ತದೆ. ಹೊರಡುವ ಮೊದಲು ಪ್ಲಿಕರ್ಸ್ ಕಾರ್ಡುಗಳನ್ನು ನಂಬರಿನ ಸಾಲಿನಲ್ಲಿ ಜೋಡಿಸಿ ಎಣಿಸಿ. ಕಾರ್ಡಿನ ನಂಬರಿಗೆ ಹೆಸರು ಹೊಂದಿಕೊಂಡಿರುತ್ತದೆ, 17 ಕಳೆದುಹೋದರೆ ಅದರ ಬದಲು 32 ಕೊಟ್ಟು ಸುಮ್ಮನಾಗಬೇಡಿ. 17 ಇರುವ ಹಾಳೆಯೊಂದನ್ನೇ ಮತ್ತೆ ಪ್ರಿಂಟ್ ತೆಗೆಸಿ, ಬೆನ್ನಿಗೆ ಸೂರ್ಯ, ಮೀನು, ಹೂವು, ಕೊಡೆ ಅಂಟಿಸಿ ಕಟ್ಟಿನೊಳಗೆ ಸೇರಿಸಿ.